ಹಳೇ ಕಂಪ್ಯೂಟರ್‌ನ ಹೊರೆ ಇಳಿಸಿ

ಡೊಂಬಿವಲಿಯ ನಮ್ಮ ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್ (ಓಡುತ್ತಿರುವ ಪ್ರೋಗ್ರಾಂಗಳು ಬಳಸುವ ಮೆಮೊರಿ) ಅಷ್ಟೇ. ಅತ್ತೆ ದಿನಾ ಅದರಲ್ಲೇ ಕನ್ನಡ ಪೇಪರ್ ಓದುತ್ತಾರೆ, ಹಾಗಾಗಿ ಗುಜರಿಗೆ ಹಾಕುವ ಮಾತೇ ಇಲ್ಲ. ನಿಮ್ಮದೂ ನಿಧಾನವಾಗಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಮೆಮೊರಿ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಮೆಮೊರಿ ತಿನ್ನುವ ಪ್ರೋಗ್ರಾಂಗಳು ಮೇಲೆ ಬರುತ್ತವೆ. ನಮ್ಮಲ್ಲಿ ಮೊದಲು ಬ್ರೌಸರ್, ಆಮೇಲೆ ಯಾರೂ ಬಳಸದ ಚಾಟ್ ಆ್ಯಪ್, ಅದರ ಕೆಳಗೆ ಎಂದೋ ಮಾರಿದ ಪ್ರಿಂಟರ್‌ನ ಅಪ್‌ಡೇಟರ್. ಇಂಥ ಬೇಡದವು ಕಂಪ್ಯೂಟರ್ ಹಾಕಿದೊಡನೆ ತಾವೇ ಶುರುವಾಗದಂತೆ ಸ್ಟಾರ್ಟಪ್ ಟ್ಯಾಬ್‌ನಲ್ಲಿ ಡಿಸೇಬಲ್ ಮಾಡಿ, ಆ್ಯಂಟಿವೈರಸ್ ಮಾತ್ರ ಮುಟ್ಟಬೇಡಿ. ರ‍್ಯಾಮ್ ಕ್ಲೀನರ್‌ಗಳನ್ನು ಸುಮ್ನೆ ಹಾಕಿಕೊಳ್ಳಬೇಡಿ, ಅವಕ್ಕೂ ರ‍್ಯಾಮ್ ಬೇಕಲ್ವಾ? ದುಡ್ಡು ಹಾಕುವುದಾದರೆ ಮುಂಬೈನ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕೇ ನಾನು ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ ಪೆನ್ ಡ್ರೈವ್‌ನಿಂದ ಓಡಿಸಿ ನೋಡುತ್ತಿದ್ದೇನೆ.