ಸಿಟಿ ಪಾರ್ಕಿನ ಎರಡು ಸಮಾಧಿಗಳು

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಮುಂದೆ ಬೇರೊಂದು ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಆಧುನಿಕ ಜಗತ್ತಿನ ಇತಿಹಾಸವನ್ನು ಪಾಠ ಹೇಳಿದ ನನಗೆ ಆಫ್ರಿಕಾ ಎಂದರೆ ಒಂದು ತಾಸಿನ ವಿಷಯವಾಗಿತ್ತು. 1884-85ರ ಬರ್ಲಿನ್ ಸಮ್ಮೇಳನ, ಆಮೇಲೆ ಯಾವ ಪ್ರದೇಶ ಯಾರ ಪಾಲಾಯಿತು ಎಂಬ ಪಟ್ಟಿ. ಗಂಟೆ ಹೊಡೆಯುವಷ್ಟರಲ್ಲಿ ಖಂಡವೇ ಮುಗಿದುಹೋಗುತ್ತಿತ್ತು. ನಿವೃತ್ತಿಯ ಬಳಿಕ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋದಾಗ, ಅಳಿಯ ತಂದುಕೊಟ್ಟಿದ್ದ ಪುಸ್ತಕವೊಂದರಲ್ಲಿ ‘ಕರ್ನಾಟಕ ಕಾಲೇಜು, ಧಾರವಾಡ’ ಎಂಬ ಮಾತು ಕಣ್ಣಿಗೆ ಬಿತ್ತು. ತಪ್ಪಾಗಿ ಓದಿದೆನೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಪಿಯೊ ಗಾಮಾ ಪಿಂಟೊ ಬಾಲ್ಯದಲ್ಲೇ ಭಾರತಕ್ಕೆ ಬಂದು, ನಮ್ಮ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿ, ಕೆನ್ಯಾಕ್ಕೆ ಮರಳಿ, ಅಲ್ಲಿನ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, ಕಡೆಗೆ ಗುಂಡೇಟಿಗೆ ಬಲಿಯಾದವರು. ಅವರ ಸಮಾಧಿ ಮಗಳ ಮನೆಯಿಂದ ತೀರಾ ದೂರವೇನೂ ಇರದ ಸಿಟಿ ಪಾರ್ಕಿನಲ್ಲಿದೆ ಎಂದು ತಿಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

ಅದು ಜುಲೈ ತಿಂಗಳು. ಅಲ್ಲಿನ ಜುಲೈ ನಮ್ಮ ಆಷಾಢದ ಹಾಗೆಯೇ ಇರುತ್ತದೆ: ಮಂಕು ಬೆಳಕು, ಆಗಾಗ ಸೋನೆ, ಸ್ವೆಟರು ತೆಗೆಯಲು ಬಿಡದ ಚಳಿ. ಕಾರು ಓಡಿಸುತ್ತಿದ್ದ ಕಿಕುಯು ಸಮುದಾಯದ ಮಧ್ಯವಯಸ್ಕ ನನ್ನನ್ನು ‘ಮ್ಜೀ’, ಅಂದರೆ ಹಿರಿಯರೇ ಎಂದು ಕರೆಯುತ್ತಿದ್ದ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಇಷ್ಟೊಂದು ಗುಜರಾತಿ ಫಲಕಗಳೇಕೆ ಎಂದು ಕೇಳಿದೆ. ವಸಾಹತು ಕಾಲದಲ್ಲಿ ನಗರವನ್ನೇ ಬಣ್ಣ ನೋಡಿ ಹಂಚಿದ್ದರು, ಇದು ಮುಹಿಂದಿಗಳ ಪಾಲಿಗೆ ಬಂದ ಭಾಗ ಎಂದ. ಮುಹಿಂದಿ ಎಂದರೆ ಭಾರತೀಯ. ಅಂಗಡಿಗೆ ಸ್ವಾಹಿಲಿಯಲ್ಲಿ ‘ದುಕಾ’ ಎನ್ನುತ್ತಾರೆ. ನಮ್ಮ ಕಡೆಯ ‘ದುಕಾನ’ವೇ ಸಮುದ್ರ ದಾಟಿ ಒಂದಕ್ಷರ ಕಳೆದುಕೊಂಡಂತಿದೆ.

ನೈರೋಬಿ ಎಂಬ ಊರು ಹುಟ್ಟಿದ್ದೇ ರೈಲಿನಿಂದ. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ದಂಡೆಯವರೆಗೆ ಬ್ರಿಟಿಷರು 1896ರಿಂದ 1901ರವರೆಗೆ ಹಾಕಿದ ಹಳಿಗೆ ಸುಮಾರು 32,000 ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ತಂದಿದ್ದರು; ಅವರಲ್ಲಿ ಸುಮಾರು 2,500 ಮಂದಿ ಸತ್ತರು, ಮೈಲಿಗೆ ನಾಲ್ಕು ಹೆಣದಂತೆ. ರೈಲಿನ ಖರ್ಚು ಹುಟ್ಟಬೇಕಾದರೆ ಸಾಗಿಸಲು ಬೆಳೆ ಬೇಕು, ಬೆಳೆಗೆ ಬಿಳಿಯ ಒಕ್ಕಲು ಬೇಕು ಎಂಬ ಲೆಕ್ಕದಲ್ಲಿ ಕಿಕುಯು, ಮಾಸಾಯಿ, ನಂದಿ ಜನರ ತಂಪು ಎತ್ತರದ ನೆಲವನ್ನು ಕಿತ್ತು ಯುರೋಪಿಯನ್ನರಿಗೆ ಕೊಟ್ಟರು. ಆ ‘ಬಿಳಿಯರ ಎತ್ತರದ ನಾಡಿ’ನಲ್ಲಿ ಭಾರತೀಯರಿಗೂ ಜಮೀನು ಕೊಳ್ಳಲು ಅವಕಾಶವಿರಲಿಲ್ಲ. ಆದರೆ ಕೊರಳಿಗೆ ತಗಡಿನ ಡಬ್ಬಿಯಲ್ಲಿ ‘ಕಿಪಾಂಡೆ’ ಎಂಬ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುವ ಗತಿ ಬಂದದ್ದು ಆಫ್ರಿಕನ್ ಗಂಡಸರಿಗೆ ಮಾತ್ರ. ಮೇಲೆ ಬಿಳಿಯರು, ನಡುವೆ ನಮ್ಮವರು, ಕೆಳಗೆ ನೆಲದ ಒಡೆಯರು. ವಸಾಹತುಶಾಹಿ ಎಂದಾಗಲೆಲ್ಲ ನಮ್ಮನ್ನು ತುಳಿತಕ್ಕೊಳಗಾದವರ ಸಾಲಿನಲ್ಲೇ ಕೂರಿಸಿಕೊಂಡು ಪಾಠ ಮಾಡಿದ್ದ ನನಗೆ ಈ ನಡುವಿನ ಮೆಟ್ಟಿಲು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ.

ಪಾರ್ಕಿನಲ್ಲಿ ಕೋತಿಗಳದ್ದೇ ಆಡಳಿತ. ಕೈಯಲ್ಲಿದ್ದ ಬಾಳೆಹಣ್ಣನ್ನು ಒಂದು ಕೋತಿ ನನ್ನ ಒಪ್ಪಿಗೆ ಕೇಳದೆ ಒಯ್ದಿತು. ಅದನ್ನು ದಾಟಿ, ಕಲ್ಲಿನ ಶಿಲ್ಪಗಳನ್ನು ನಿಲ್ಲಿಸಿದ ಪುಟ್ಟ ಸ್ಮಾರಕದ ಆವರಣಕ್ಕೆ ಬಂದೆವು. ಅಲ್ಲಿ ಮಲಗಿರುವುದು ಪಿಂಟೊ ಅಲ್ಲ, ಅವರ ಗೆಳೆಯ ಜೋಸೆಫ್ ಮುರುಂಬಿ ಮತ್ತು ಮುರುಂಬಿಯವರ ಹೆಂಡತಿ ಶೀಲಾ. ಗೋವಾದ ತಂದೆಗೂ ಮಾಸಾಯಿ ತಾಯಿಗೂ ಹುಟ್ಟಿದ ಮುರುಂಬಿ, 1966ರಲ್ಲಿ ಕೆನ್ಯಾದ ಉಪರಾಷ್ಟ್ರಪತಿಯಾಗಿ ಕೆಲವೇ ತಿಂಗಳಲ್ಲಿ ಆ ಹುದ್ದೆ ಬಿಟ್ಟವರು. ಅವರ ಶಾಲೆ ನಡೆದದ್ದು ಮೊದಲು ಬೆಂಗಳೂರಿನಲ್ಲಿ, ಆಮೇಲೆ ಬಳ್ಳಾರಿಯಲ್ಲಿ! ಪಿಂಟೊ ಇರುವಲ್ಲಿಗೆ ಹತ್ತಿರದಲ್ಲೇ ತನ್ನನ್ನೂ ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು. 1990ರಲ್ಲಿ ಅದು ನೆರವೇರಿತು.

ಪಿಂಟೊ ಅವರ ಸಮಾಧಿಯ ಮುಂದೆ ನಿಂತು, ಕಾಲೇಜಿನ ವಿಷಯವನ್ನು ಚಾಲಕನಿಗೆ ಹೇಳಿದೆ. ಕಾಲೇಜು ಬಿಟ್ಟ ಮೇಲೆ ಗೋವಾದಲ್ಲಿ ಪೋರ್ಚುಗೀಸರ ವಿರುದ್ಧ ಕೆಲಸ ಮಾಡಿ, ಬಂಧನ ತಪ್ಪಿಸಿಕೊಳ್ಳಲು 1949ರಲ್ಲಿ ಇಲ್ಲಿಗೆ ಮರಳಿದವರು ಇವರು. 1952ರಲ್ಲಿ ಬ್ರಿಟಿಷರು ತುರ್ತುಪರಿಸ್ಥಿತಿ ಘೋಷಿಸಿ, ಮುಂದೆ ಕೆನ್ಯಾದ ಮೊದಲ ರಾಷ್ಟ್ರಪತಿಯಾದ ಜೋಮೊ ಕೆನ್ಯಾಟಾ ಮುಂತಾದವರನ್ನು ಹಿಡಿದಾಗ, ಅವರ ಪರ ವಕೀಲರನ್ನು ಒದಗಿಸಲು ಇವರೂ ಮುರುಂಬಿಯೂ ಓಡಾಡಿದರು. ದೆಹಲಿಯಿಂದ ವಕೀಲ ದಿವಾನ್ ಚಮನ್ ಲಾಲ್ ಬಂದರು. ನೆಲಕ್ಕಾಗಿ ಬ್ರಿಟಿಷರ ವಿರುದ್ಧ ಬಂಡೆದ್ದು ಕಾಡು ಸೇರಿದ, ಬಹುಪಾಲು ಕಿಕುಯುಗಳೇ ಆದ ಮೌ ಮೌ ಹೋರಾಟಗಾರರಿಗೆ ಪಿಂಟೊ ಗುಟ್ಟಾಗಿ ನೆರವು ಕಳಿಸುತ್ತಿದ್ದರು. ಮದುವೆಯಾಗಿ ಆರು ತಿಂಗಳೂ ತುಂಬದಿದ್ದಾಗ, 1954ರ ಜೂನ್‌ನಲ್ಲಿ, ಅವರನ್ನು ಹಿಡಿದು ಮಾಂಡಾ ದ್ವೀಪದ ಶಿಬಿರಕ್ಕೆ ಹಾಕಿದರು.

ಚಾಲಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಜ್ಜಿಯನ್ನೂ ಹಾಕಿದ್ದರು, ಮ್ಜೀ. ದ್ವೀಪಕ್ಕಲ್ಲ, ಮುಳ್ಳುತಂತಿಯ ಹಳ್ಳಿಗೆ,” ಎಂದ. ಆ ಹಳ್ಳಿಗಳ ಬಗ್ಗೆ ಹಿಂದಿನ ರಾತ್ರಿಯಷ್ಟೇ ಓದಿದ್ದೆ: ಹತ್ತು ಲಕ್ಷಕ್ಕೂ ಹೆಚ್ಚು ಕಿಕುಯು ಜನರನ್ನು ಅವರ ಮನೆಗಳಿಂದ ಎಬ್ಬಿಸಿ, ಕಾವಲು ಗೋಪುರ ಮತ್ತು ಕಂದಕಗಳಿದ್ದ ಎಂಟುನೂರಕ್ಕೂ ಮಿಕ್ಕಿದ ವಸತಿಗಳಲ್ಲಿ ತುಂಬಿದ್ದರು. ಆ ಕಂದಕಗಳನ್ನು ತೋಡಿದ್ದು ಹೆಂಗಸರು, ಅಜ್ಜಿಯೂ ಅವರಲ್ಲೊಬ್ಬಳು ಎಂದು ಆತ ಹೇಳಿದ. ಆ ವರ್ಷಗಳಲ್ಲಿ ಕೊಲೆಯಾದ ಬಿಳಿಯ ವಲಸಿಗರು 32 ಮಂದಿ. ಗಲ್ಲಿಗೇರಿದ ಆಫ್ರಿಕನ್ನರು ಸಾವಿರಕ್ಕೂ ಹೆಚ್ಚು. 2013ರಲ್ಲಿ ಬ್ರಿಟಿಷ್ ಸರ್ಕಾರ ಆಗ ಚಿತ್ರಹಿಂಸೆ ಉಂಡಿದ್ದ 5,228 ಮಂದಿಗೆ ಪರಿಹಾರ ಒಪ್ಪಿಕೊಂಡು ವಿಷಾದ ಸೂಚಿಸಿದಾಗ ಅಜ್ಜಿ ಬದುಕಿದ್ದಳೇ ಎಂದು ಕೇಳಿದೆ. “ಇಲ್ಲ. ಇದ್ದಿದ್ದರೂ ಅವಳ ಹತ್ತಿರ ಕಾಗದ ಎಲ್ಲಿತ್ತು?” ಎಂದ.

ಮಾಂಡಾದಿಂದ ಹೊರಬಂದ ಮೇಲೂ ಪಿಂಟೊ ನೆಲದ ಪ್ರಶ್ನೆಯನ್ನು ಬಿಡಲಿಲ್ಲ. ಬಿಳಿಯರ ಜಮೀನು ಕರಿಯ ಸಾಹುಕಾರರ ಕೈಗೆ ಬಂದಮಾತ್ರಕ್ಕೆ ಸ್ವಾತಂತ್ರ್ಯ ಬಂದಂತಾಗದು ಎಂಬ ನಿಲುವು ಹೊಸ ದೊರೆಗಳಿಗೆ ಹಿತವಾಗಿರಲಿಲ್ಲ. 1965ರ ಫೆಬ್ರುವರಿ 24ರಂದು, ಮನೆಯ ಅಂಗಳದಲ್ಲೇ, ಕಾರಿನಲ್ಲಿ ಪುಟ್ಟ ಮಗಳು ಕೂತಿರುವಾಗ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗಿನ್ನೂ ಮೂವತ್ತೆಂಟು ತುಂಬಿರಲಿಲ್ಲ.

“ನಿಮ್ಮ ಕಾಲೇಜಿನವರು ಎಂದಿರಿ. ನೀವು ಹುಡುಗರಿಗೆ ಇವರ ಪಾಠ ಮಾಡಿದ್ದಿರಾ?” ಎಂದು ಚಾಲಕ ಕೇಳಿದ. ಪಠ್ಯದಲ್ಲಿರಲಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನನಗೇ ಗೊತ್ತಿರಲಿಲ್ಲಪ್ಪ ಎಂದೆ.

ಮರಳುವಾಗ ಮಗಳು ಹಾಗಲಕಾಯಿ ತರಲು ಹೇಳಿದ್ದು ನೆನಪಾಗಿ, ದಾರಿಯ ತರಕಾರಿ ಮಾರುಕಟ್ಟೆಯಲ್ಲಿ ಇಳಿದೆವು. ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅರವತ್ತರ ಆಸುಪಾಸಿನ ಆಫ್ರಿಕನ್ ಹೆಂಗಸು ಹಿಂದಿಯಲ್ಲಿ, ಅದೂ ನನಗಿಂತ ಸರಾಗವಾಗಿ, ಕರೇಲಾ ಎಷ್ಟು ಬೇಕೆಂದಳು. ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಮೆಚ್ಚಿಕೊಂಡು ಕೇಳಿದೆ. ಮುಹಿಂದಿಗಳ ಮನೆಯಲ್ಲಿ, ಎಂಟನೆಯ ವಯಸ್ಸಿನಿಂದ ಪಾತ್ರೆ ತಿಕ್ಕುತ್ತಾ, ಎಂದು ಹೇಳಿ ಆಕೆ ಹಾಗಲಕಾಯಿಗಳನ್ನು ತಕ್ಕಡಿಗೆ ಹಾಕಿದಳು.