ಕಡಲ ದಿನಕ್ಕೆ ಮಕ್ಕಳ ಕೈಗೆ ಜರಡಿ ಕೊಡಿ

ಜೂನ್ 8ರ ವಿಶ್ವ ಸಾಗರ ದಿನಕ್ಕೆ ಮನೆಮಂದಿಯೆಲ್ಲ ಸೇರಿ ಮಾಡಬಹುದಾದ ಅತ್ಯುತ್ತಮ ಕೆಲಸ ಮರಳು ಜರಡಿ ಹಿಡಿಯುವುದು. ಬರೀ ಚೀಲ ತುಂಬಿಸುವ ಸ್ವಚ್ಛತೆಯಲ್ಲಿ ಸಣ್ಣ ಪ್ಲಾಸ್ಟಿಕ್ ಕಣ್ಣಿಗೇ ಬೀಳುವುದಿಲ್ಲ.

ಇಳಿತ ಶುರುವಾದ ಮೇಲೆ ಹೊರಡಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹಿಂದಿನ ವಾರದ ಸಮಯವನ್ನು ನಂಬಬೇಡಿ. ಉಬ್ಬರ ಬಿಟ್ಟುಹೋದ ಕಸದ ಗೆರೆಯ ಮೇಲೆ ಹಗ್ಗದಿಂದ 1 ಮೀಟರ್ ಚೌಕ ಹಾಕಿ, ಮೇಲಿನ 2–3 ಸೆಂ.ಮೀ. ಮರಳನ್ನಷ್ಟೇ ಕೆರೆದು ಜರಡಿಗೆ ಸುರಿಯಿರಿ. ಒದ್ದೆ ಮರಳು ಜರಡಿಯ ಕಣ್ಣು ಮುಚ್ಚುತ್ತದೆ, ಒಣಗಿದ್ದನ್ನೇ ಆರಿಸಿ.

ಜರಡಿಯಲ್ಲಿ ಉಳಿದದ್ದನ್ನು ಬಕೆಟ್‌ಗೆ ಹಾಕಿ ಉಪ್ಪುನೀರು ಸುರಿಯಿರಿ: ಲೀಟರ್‌ಗೆ ಸುಮಾರು 350 ಗ್ರಾಂ ಉಪ್ಪು, ಪೂರ್ತಿ ಕರಗಬೇಕು. ಕಲಕಿ ಐದು ನಿಮಿಷ ಬಿಟ್ಟರೆ ಪಾಲಿಥೀನ್, ಥರ್ಮೋಕೋಲ್ ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಚೂರು ಮುಳುಗುತ್ತದೆ, ತಳವನ್ನೂ ನೋಡಿ.

ಗಾಜು, ಸೂಜಿ ದೊಡ್ಡವರೇ ಎತ್ತಲಿ. ಖಾಲಿ ಶಂಖಗಳನ್ನು ಅಲ್ಲೇ ಬಿಡಿ, ಸನ್ಯಾಸಿ ಏಡಿಗಳಿಗೆ ಅವೇ ಮನೆ. ದಿಬ್ಬದ ಬಳ್ಳಿಗಳನ್ನು ದಯವಿಟ್ಟು ತುಳಿಯಬೇಡಿ, ಮರಳನ್ನು ಹಿಡಿದಿಟ್ಟಿರುವುದು ಅವೇ. ಉಳಿದ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಚೆಲ್ಲದೆ ಬಟ್ಟೆಯಲ್ಲಿ ಸೋಸಿ ಮುಂದಿನ ಚೌಕಕ್ಕೆ ಬಳಸಿ.