ವಿಎಸ್ ಕೋಡ್‌ನಲ್ಲಿ ಟ್ಯಾಬ್‌ಗಳ ಜಾತ್ರೆ

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಟ್ಯಾಬ್‌ನ ಹೆಸರು ಓರೆ ಅಕ್ಷರದಲ್ಲಿದ್ದರೆ ಅದು ಪ್ರಿವ್ಯೂ ಟ್ಯಾಬ್. ಮುಂದಿನ ಫೈಲ್ ಕ್ಲಿಕ್ಕಿಸಿದ ಕೂಡಲೇ ಅದರ ಜಾಗ ಹೋಗುತ್ತದೆ. 'ತೆರೆದ ಫೈಲ್ ಮಾಯವಾಯ್ತು' ಎಂದು ಹಲವರು ಗೊಣಗುವುದು ಇದಕ್ಕೇ. ಉಳಿಯಬೇಕಾದರೆ ಟ್ಯಾಬ್ ಮೇಲೆ ಡಬಲ್ ಕ್ಲಿಕ್ ಮಾಡಿ.

ನನ್ನ ಪ್ರಕಾರ ಟ್ಯಾಬ್‌ಗಳ ಜಾತ್ರೆಗೆ ನಿಜವಾದ ಮದ್ದು ಅವುಗಳ ಸಂಖ್ಯೆಗೆ ಮಿತಿ ಹಾಕುವುದು. ಸೆಟ್ಟಿಂಗ್ಸ್‌ನಲ್ಲಿ 'ಎಡಿಟರ್ ಲಿಮಿಟ್' ಎಂದು ಹುಡುಕಿ, 'ಎನೇಬಲ್ಡ್'ಗೆ ಟಿಕ್ ಹಾಕಿ. ಡೀಫಾಲ್ಟ್ ಸಂಖ್ಯೆ 10. ನನಗೆ 7 ಸಾಕು. ಮಿತಿ ಮೀರಿದರೆ ಬಹಳ ಹೊತ್ತಿನಿಂದ ಮುಟ್ಟದ ಟ್ಯಾಬ್ ತಾನೇ ಮುಚ್ಚಿಕೊಳ್ಳುತ್ತದೆ. ಸೇವ್ ಮಾಡದ ಫೈಲ್ ಮಾತ್ರ ಮುಚ್ಚುವುದಿಲ್ಲ, ಹಾಗಾಗಿ ಬರೆದದ್ದು ಕಳೆದೀತೆಂಬ ಭಯ ಬೇಡ. ಪಿನ್ ಮಾಡಿದವೂ ಉಳಿಯುತ್ತವೆ (ಪಿನ್ ಮಾಡಲು ಕಂಟ್ರೋಲ್-ಕೆ, ನಂತರ ಶಿಫ್ಟ್-ಎಂಟರ್). ಆದರೆ ಎಲ್ಲವನ್ನೂ ಪಿನ್ ಮಾಡಿದರೆ ಮಿತಿ ಹಾಕಿಯೂ ದಂಡ.

ಕಂಟ್ರೋಲ್-ಕೆ ಒತ್ತಿ ಯು ಒತ್ತಿದರೆ ಸೇವ್ ಆದವೆಲ್ಲ ಒಟ್ಟಿಗೆ ಮುಚ್ಚುತ್ತವೆ. ತಪ್ಪಿ ಮುಚ್ಚಿದ್ದಕ್ಕೆ ಕಂಟ್ರೋಲ್-ಶಿಫ್ಟ್-ಟಿ.